ಜೀವಕೋಶದ ತುಣುಕು ತೋರಿಸುವ ಯಂತ್ರ: ಮೂರು ಕೋಟಿ ಪಟ್ಟು ದೊಡ್ಡದಾಗಿ ಮೇಜಿನ ಮೇಲೆ ಕಟ್ಟಿದ್ದು

ನಮ್ಮ ಮೈಯಲ್ಲಿ ನ್ಯೂಕ್ಲಿಯಸ್ ಇರುವ ಹೆಚ್ಚುಕಮ್ಮಿ ಎಲ್ಲ ಜೀವಕೋಶಗಳೂ ಒಂದು ಕೆಲಸ ಬಿಡದೆ ಮಾಡುತ್ತಿರುತ್ತವೆ. ಒಳಗೆ ತಯಾರಾದ ಪ್ರೋಟೀನುಗಳನ್ನು ಕತ್ತರಿಸಿ, ಆ ತುಣುಕುಗಳಲ್ಲಿ ಕೆಲವನ್ನು ಹೊರಮೈಗೆ ತಂದು ತೋರಿಸುತ್ತವೆ. ರೋಗದಿಂದ ಕಾಯುವ ಟಿ ಕೋಶಗಳು ಓಡಾಡುತ್ತಾ ಅವನ್ನು ಮುಟ್ಟಿ ನೋಡುತ್ತವೆ. ತುಣುಕು ನಮ್ಮದೇ ಪ್ರೋಟೀನಿನದಾದರೆ ಮುಂದೆ ಹೋಗುತ್ತವೆ. ವೈರಸ್ಸಿನದಾದರೆ ಆ ಕೋಶವನ್ನೇ ಕೊಲ್ಲುತ್ತವೆ. ತುಣುಕನ್ನು ಹಿಡಿದು ತೋರಿಸುವ ಅಣುವಿನ ಹೆಸರು ಎಂಎಚ್‌ಸಿ. ಮನುಷ್ಯರಲ್ಲಿ ಇದಕ್ಕೆ ಎಚ್‌ಎಲ್‌ಎ ಅಂತಲೂ ಕರೆಯುತ್ತಾರೆ.

ಪಾಠದ ಚಿತ್ರಗಳಲ್ಲಿ ಎಂಎಚ್‌ಸಿಯನ್ನು ತಟ್ಟೆಯ ಹಾಗೆ ಬರೆದು, ಪೆಪ್ಟೈಡ್ ತುಣುಕನ್ನು ಅದರ ಮೇಲೆ ಇಟ್ಟ ತಿನಿಸಿನ ಹಾಗೆ ತೋರಿಸುತ್ತಾರೆ. ತಟ್ಟೆ ಮೊದಲು, ತಿನಿಸು ಆಮೇಲೆ. ನನಗೆ ಈ ಚಿತ್ರದ ಮೇಲೇ ತಕರಾರು. ನಿಜವಾದ ಎಂಎಚ್‌ಸಿ ತುಣುಕಿಲ್ಲದೆ ನೆಟ್ಟಗೆ ನಿಲ್ಲುವುದೇ ಇಲ್ಲ. ತುಣುಕು ಅದರ ಕಟ್ಟಡದ ಒಂದು ಭಾಗ. ಈ ಮಾತನ್ನು ಎಷ್ಟು ಹೇಳಿದರೂ ಕಿವಿಯಲ್ಲಿ ಉಳಿಯುವುದಿಲ್ಲ, ಕೈಗೆ ತಿಳಿಯಬೇಕು. ಅದಕ್ಕೇ ಈ ಮಾದರಿ. ಜೀವಶಾಸ್ತ್ರ ಓದುವ ಮಕ್ಕಳು ಹಿಡಿ ತಿರುಗಿಸಿ, ಮಣಿ ಮುರಿದು, ಸಿಕ್ಕಿಸಿ ನೋಡಬಹುದಾದ ಹಾಗೆ ಕಟ್ಟಿದ್ದೇನೆ. ಹೇಗೆ ಕಟ್ಟಿದೆ, ಪ್ರತಿ ಭಾಗ ಯಾಕೆ ಹಾಗಿದೆ ಅನ್ನುವುದನ್ನು ಬರೆಯುತ್ತೇನೆ. ನೀವೂ ಕಟ್ಟಬಹುದು.

ಅಳತೆ ಮೊದಲು

ಒಂದು ನ್ಯಾನೋಮೀಟರ್‌ಗೆ 3 ಸೆಂಟಿಮೀಟರ್. ಅಂದರೆ ಮೂರು ಕೋಟಿ ಪಟ್ಟು. ಈ ಅಳತೆಗೆ ಕಾರಣ ಮಣಿ. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಸರ, ಮಾದರಿಯಲ್ಲಿ ಒಂದು ಅಮೈನೋ ಆಮ್ಲಕ್ಕೆ ಒಂದು ಮಣಿ. ಪ್ರೋಟೀನಿನ ಸರವನ್ನು ಎಳೆದು ನೆಟ್ಟಗೆ ಹಿಡಿದರೆ ಒಂದು ಅಮೈನೋ ಆಮ್ಲ ಸುಮಾರು 0.34 ನ್ಯಾನೋಮೀಟರ್ ಜಾಗ ಹಿಡಿಯುತ್ತದೆ. ಮೂರು ಕೋಟಿ ಪಟ್ಟಿಗೆ ಅದು 1 ಸೆಂಟಿಮೀಟರ್ ಆಗುತ್ತದೆ. ಒಂದಕ್ಕೊಂದು ಒತ್ತಿ ಸಿಕ್ಕಿಸುವ ಪ್ಲಾಸ್ಟಿಕ್ ಮಣಿಗಳು ಸುಮಾರು ಇದೇ ಅಳತೆಯಲ್ಲಿ ಸಿಗುತ್ತವೆ.

ಇದೇ ಲೆಕ್ಕದಲ್ಲಿ 10 ಮೈಕ್ರೋಮೀಟರ್‌ನ ಒಂದು ಜೀವಕೋಶ 300 ಮೀಟರ್ ಅಗಲ ಇರಬೇಕು. ನಾನು ಕಟ್ಟಿದ್ದು ಮೇಜಿನಷ್ಟು ಜಾಗದಲ್ಲಿ. ಅಷ್ಟು ದೊಡ್ಡ ಕೋಶದಲ್ಲಿ ಈ ಯಂತ್ರ ಎಲ್ಲೋ ಒಂದು ಮೂಲೆ. ನೋಡುವವರಿಗೆ ಇದನ್ನು ಮೊದಲೇ ಹೇಳಿಬಿಡಿ.

ದಾರದಲ್ಲಿ ಪೋಣಿಸುವ ಮಣಿ ಬೇಡ, ಒತ್ತಿ ಸಿಕ್ಕಿಸುವ ಮಣಿಯೇ ಬೇಕು. ಯಾಕೆ ಅಂದರೆ ಎಲ್ಲಿ ಬೇಕಾದರೂ ಮುರಿಯಬೇಕು, ಮತ್ತೆ ಜೋಡಿಸಬೇಕು. ಇನ್ನೊಂದು ಲಾಭವೂ ಇದೆ. ಈ ಮಣಿಗೆ ಒಂದು ಕಡೆ ತೂತು, ಇನ್ನೊಂದು ಕಡೆ ಗುಬುಟು. ಹಾಗಾಗಿ ಸರಕ್ಕೆ ತಲೆ ಯಾವುದು, ಬಾಲ ಯಾವುದು ಅಂತ ಗೊತ್ತಾಗುತ್ತದೆ. ಪ್ರೋಟೀನಿಗೂ ಹೀಗೇ ಎರಡು ಬೇರೆ ತುದಿಗಳಿವೆ, ಎನ್ ತುದಿ ಮತ್ತು ಸಿ ತುದಿ. ತೂತಿನ ಕಡೆ ಎನ್, ಗುಬುಟಿನ ಕಡೆ ಸಿ ಅಂತ ಗೊತ್ತುಮಾಡಿಕೊಂಡೆ. ಮುಂದೆ ಇದು ತುಂಬಾ ಉಪಯೋಗಕ್ಕೆ ಬರುತ್ತದೆ.

ಅಮೈನೋ ಆಮ್ಲಗಳು 20. ಇಪ್ಪತ್ತು ಬಣ್ಣ ಹಾಕಿದರೆ ನೋಡುವವರಿಗೆ ಗೊಂದಲ. ಐದೇ ಸಾಕು. ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್, ಮೆಥಿಯೋನಿನ್ ಎಣ್ಣೆ ಸ್ವಭಾವದವು, ಅವಕ್ಕೆ ಹಳದಿ. ಫಿನೈಲ್‌ಅಲನಿನ್, ಟೈರೋಸಿನ್, ಟ್ರಿಪ್ಟೋಫ್ಯಾನ್ ಉಂಗುರವಿರುವ ದಪ್ಪನೆಯವು, ಅವಕ್ಕೆ ಹಸಿರು. ಲೈಸಿನ್ ಮತ್ತು ಆರ್ಜಿನಿನ್ ಧನ ವಿದ್ಯುತ್ ಹೊತ್ತವು, ನೀಲಿ. ಆಸ್ಪಾರ್ಟಿಕ್ ಆಮ್ಲ ಮತ್ತು ಗ್ಲುಟಾಮಿಕ್ ಆಮ್ಲ ಋಣ, ಕೆಂಪು. ಉಳಿದವೆಲ್ಲ ಬಿಳಿ.

ಪ್ರೋಟೀನಾಗಿ ಆರಿಸಿಕೊಂಡದ್ದು ಇನ್‌ಫ್ಲುಯೆಂಜಾ ಎ ವೈರಸ್ಸಿನ ಎಂ1 ಮ್ಯಾಟ್ರಿಕ್ಸ್ ಪ್ರೋಟೀನ್. ಇದರಲ್ಲಿ 252 ಅಮೈನೋ ಆಮ್ಲಗಳಿವೆ. ಇಡೀ ಸರ ಜೋಡಿಸಿದರೆ ಎರಡೂವರೆ ಮೀಟರ್. ಅದನ್ನು ಗೋಡೆಗೆ ನೇತುಹಾಕಿದ್ದೇನೆ. ಆಡಿ ತೋರಿಸಲು 50ರಿಂದ 73ರವರೆಗಿನ 24 ಮಣಿಗಳ ತುಂಡು ಸಾಕು. ಬಣ್ಣಗಳ ಸಾಲು ಹೀಗಿದೆ: ಬಿಳಿ, ಹಳದಿ, ಹಳದಿ, ಬಿಳಿ, ಬಿಳಿ, ಹಳದಿ, ಬಿಳಿ, ನೀಲಿ. ಆಮೇಲೆ ನಮಗೆ ಬೇಕಾದ ಒಂಬತ್ತು: ಬಿಳಿ, ಹಳದಿ, ಹಳದಿ, ಬಿಳಿ, ಹಸಿರು, ಹಳದಿ, ಹಸಿರು, ಬಿಳಿ, ಹಳದಿ. ಕೊನೆಗೆ ಬಿಳಿ, ಹಳದಿ, ಬಿಳಿ, ಬಿಳಿ, ಕೆಂಪು, ನೀಲಿ, ಬಿಳಿ. ನಡುವಿನ ಒಂಬತ್ತು, ಅಂದರೆ 58ರಿಂದ 66, ಫ್ಲೂ ಬಂದ ಅನೇಕರ ಟಿ ಕೋಶಗಳು ಗುರುತಿಸುವ ತುಣುಕು. ಎಚ್‌ಎಲ್‌ಎ-ಎ2 ಎಂಬ ಬಗೆಯ ಎಂಎಚ್‌ಸಿ ಇರುವವರಲ್ಲಿ ವಿಜ್ಞಾನಿಗಳು ಇದನ್ನು ಚೆನ್ನಾಗಿ ಅಧ್ಯಯನ ಮಾಡಿದ್ದಾರೆ.

ಕತ್ತರಿಸುವ ಪೀಪಾಯಿ

ಕೋಶದೊಳಗೆ ಪ್ರೋಟೀನ್ ಕತ್ತರಿಸುವುದು ಪ್ರೋಟಿಯಸೋಮ್. ನಾಲ್ಕು ಉಂಗುರ ಒಂದರ ಮೇಲೊಂದು, ಪ್ರತಿ ಉಂಗುರದಲ್ಲಿ ಏಳು ಘಟಕ, ಒಟ್ಟು 28. ನಿಜದಲ್ಲಿ ಇದರ ಎತ್ತರ 15 ನ್ಯಾನೋಮೀಟರ್, ಅಗಲ 11. ನಮ್ಮ ಅಳತೆಗೆ 45 ಸೆಂಟಿಮೀಟರ್ ಎತ್ತರ, 33 ಸೆಂಟಿಮೀಟರ್ ಅಗಲ.

ಸುಮಾರು 10 ಸೆಂಟಿಮೀಟರ್ ಅಗಲ, 11 ಸೆಂಟಿಮೀಟರ್ ಎತ್ತರದ ಖಾಲಿ ಪ್ಲಾಸ್ಟಿಕ್ ಡಬ್ಬಿಗಳು 28 ಬೇಕು. ಏಳು ಡಬ್ಬಿಗಳನ್ನು ಒಂದಕ್ಕೊಂದು ತಾಗಿಸಿ ಸುತ್ತ ನಿಲ್ಲಿಸಿದರೆ ಹೊರಗಿನ ಅಗಲ ತಾನಾಗಿಯೇ 33 ಸೆಂಟಿಮೀಟರ್ ಬರುತ್ತದೆ. ನಡುವೆ 13 ಸೆಂಟಿಮೀಟರ್ ಖಾಲಿ ಜಾಗ ಉಳಿಯುತ್ತದೆ. ಏಳೇ ಘಟಕ ಅನ್ನುವುದು ಸುಮ್ನೆ ಒಂದು ಸಂಖ್ಯೆ ಅಲ್ಲ, ಅದರಿಂದಲೇ ಒಳಗಿನ ಕೋಣೆ ಇಷ್ಟು ಅಗಲ ಆಗುತ್ತದೆ ಅಂತ ಡಬ್ಬಿ ಜೋಡಿಸುವಾಗ ಕಣ್ಣಿಗೇ ಕಾಣುತ್ತದೆ. ಡಬ್ಬಿಗಳನ್ನು ಬಿಸಿ ಅಂಟಿನ ಗನ್ನಿನಿಂದ ಕೂಡಿಸಿ, ಮುಂದಿನ ಎರಡು ಸಾಲನ್ನು ಮಾತ್ರ ತೆಗೆದು ಹಾಕುವ ಹಾಗೆ ಬಿಟ್ಟೆ. ಒಳಗೆ ನೋಡಬೇಕಲ್ವಾ.

ಮೇಲೆ ರಟ್ಟಿನ ಮುಚ್ಚಳ, ಅದರ ನಡುವೆ 4 ಸೆಂಟಿಮೀಟರ್ ತೂತು. ನಿಜದ ಬಾಗಿಲೂ ಇಷ್ಟೇ ಕಿರಿದು, ಸುಮಾರು 1.3 ನ್ಯಾನೋಮೀಟರ್. ಮಡಿಚಿಕೊಂಡ ಪ್ರೋಟೀನ್ ಇದರೊಳಗೆ ನುಗ್ಗಲಾರದು, ಬಿಚ್ಚಿ ಸರವಾಗಬೇಕು. ಕತ್ತರಿಗಳೆಲ್ಲ ಒಳಗಡೆ ಇರುವುದರಿಂದಲೇ ಕೋಶದ ಉಳಿದ ಪ್ರೋಟೀನುಗಳು ಬದುಕಿಕೊಳ್ಳುತ್ತವೆ. ಯಾವ ಪ್ರೋಟೀನನ್ನು ಒಳಗೆ ಬಿಡಬೇಕು ಅನ್ನುವುದಕ್ಕೆ ಯುಬಿಕ್ವಿಟಿನ್ ಎಂಬ ಚೀಟಿ ಇದೆ. ಅದೂ 76 ಅಮೈನೋ ಆಮ್ಲಗಳ ಒಂದು ಪುಟ್ಟ ಪ್ರೋಟೀನೇ. ಈ ಚೀಟಿ ಅಂಟಿಸುವ ವ್ಯವಸ್ಥೆ ಕಂಡುಹಿಡಿದ ಆರನ್ ಚೀಕನೋವರ್, ಅವ್ರಾಮ್ ಹೆರ್ಶ್ಕೋ ಮತ್ತು ಅರ್ವಿನ್ ರೋಸ್ ಅವರಿಗೆ 2004ರ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು. ಮಾದರಿಯಲ್ಲಿ ಸರದ ತುದಿಗೆ ನಾಲ್ಕು ಬಟ್ಟೆ ಕ್ಲಿಪ್ ಸಿಕ್ಕಿಸುತ್ತೇನೆ. ಒಳಗೆ ಬಿಡುವ ಮುಂಚೆ ಕ್ಲಿಪ್ ತೆಗೆದು ಪಕ್ಕಕ್ಕೆ ಇಡಬೇಕು. ಕೋಶವೂ ಯುಬಿಕ್ವಿಟಿನ್ ಬಿಚ್ಚಿಟ್ಟುಕೊಂಡು ಮತ್ತೆ ಬಳಸುತ್ತದೆ.

ಸರ ಎಳೆಯಲು ಮುಚ್ಚಳದ ಮೇಲೆ ಒಂದು ಹಿಡಿ, ಅದಕ್ಕೆ ಆರು ರಬ್ಬರ್ ರೆಕ್ಕೆ. ನಿಜದ ಪೀಪಾಯಿಯ ತುದಿಗಳಲ್ಲಿ ಟೊಪ್ಪಿಯಂಥ ಭಾಗಗಳಿವೆ, ಅವುಗಳಲ್ಲಿ ಕೋಶದ ಇಂಧನವಾದ ಎಟಿಪಿ ಉರಿಸಿ ಕೆಲಸ ಮಾಡುವ ಆರು ಘಟಕಗಳ ಮೋಟಾರ್ ಇದೆ. ಟೊಪ್ಪಿಗಳನ್ನು ಪೂರ್ತಿ ಅಳತೆಗೆ ಕಟ್ಟಿದರೆ ಎಲ್ಲ ಸೇರಿ ಎತ್ತರ 135 ಸೆಂಟಿಮೀಟರ್ ಆಗುತ್ತದೆ. ಮೇಜಿನ ಮೇಲೆ ಅದು ಆಗದ ಮಾತು, ಬರೀ ಮೋಟಾರ್ ಸಾಕು.

ಕತ್ತರಿಗಳು ಒಳಗಿನ ಎರಡು ಉಂಗುರಗಳಲ್ಲಿ ಮಾತ್ರ. ಪ್ರತಿ ಉಂಗುರದಲ್ಲಿ ಮೂರು, ಒಟ್ಟು ಆರು. ಆ ಡಬ್ಬಿಗಳ ಒಳಮೈಗೆ ಬಣ್ಣ ಹಚ್ಚಿದೆ. ಒಂದು ಹಳದಿ-ಹಸಿರು ಮಣಿಗಳ ನಂತರ ಕತ್ತರಿಸುತ್ತದೆ, ಒಂದು ನೀಲಿ ಮಣಿಗಳ ನಂತರ, ಒಂದು ಕೆಂಪು ಮಣಿಗಳ ನಂತರ. ಎಲ್ಲಿ ಕತ್ತರಿಸಬೇಕು ಅನ್ನುವುದಕ್ಕೆ ದಾಳ ಹಾಕುತ್ತೇವೆ. ಹೊಂದುವ ಜಾಗಗಳು ಹಲವು ಇರುತ್ತವೆ, ಪ್ರತಿ ಸಲವೂ ಒಂದೇ ಕಡೆ ಕತ್ತರಿ ಬೀಳುವುದಿಲ್ಲ. ಈ ಅನಿಶ್ಚಿತತೆ ಮಾದರಿಯಲ್ಲಿ ಇರಲೇಬೇಕು ಅಂತ ನನ್ನ ಹಟ. ನಮ್ಮ ಒಂಬತ್ತು ಮಣಿಗಳ ನಡುವೆ ಎರಡು ಹಸಿರು ಮಣಿಗಳಿವೆ. ದಾಳ ಅಲ್ಲಿ ಬಿದ್ದರೆ ತುಣುಕು ಎರಡಾಗಿ ಹಾಳಾಗುತ್ತದೆ. ಕೋಶದಲ್ಲೂ ಹೀಗೆ ಹಾಳಾಗುವುದೇ ಜಾಸ್ತಿ. ಹೊರಬರುವ ತುಣುಕುಗಳಲ್ಲಿ ಹೆಚ್ಚಿನವು ಎಂಎಚ್‌ಸಿಗೆ ಹೊಂದದಷ್ಟು ಚಿಕ್ಕವು. ಅವು ಕ್ಷಣಗಳಲ್ಲಿ ಬಿಡಿ ಅಮೈನೋ ಆಮ್ಲಗಳಾಗಿ ಮರುಬಳಕೆಗೆ ಹೋಗುತ್ತವೆ.

ಸೋಂಕು ಬಂದಾಗ ಕೋಶ ಈ ಕತ್ತರಿಗಳನ್ನೇ ಬದಲಾಯಿಸುತ್ತದೆ. ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತ ಬಂದರೆ ಮೂರೂ ಕತ್ತರಿಗಳಿಗೆ ಬದಲಿ ಘಟಕಗಳು ತಯಾರಾಗುತ್ತವೆ. ಹೊಸ ಜೋಡಣೆಗೆ ಇಮ್ಯುನೋಪ್ರೋಟಿಯಸೋಮ್ ಅಂತ ಹೆಸರು. ಕೆಂಪು ಮಣಿಯ ನಂತರ ಕತ್ತರಿಸುವ ಗುಣ ಇದರಲ್ಲಿ ಕುಗ್ಗುತ್ತದೆ. ಎಣ್ಣೆ ಸ್ವಭಾವದ ತುದಿಗಳಿರುವ ತುಣುಕು ಹೆಚ್ಚಾಗುತ್ತದೆ. ಅಂಥ ತುದಿಯೇ ಎಂಎಚ್‌ಸಿಗೆ ಹೆಚ್ಚು ಹೊಂದುವುದು. ಇದಕ್ಕಾಗಿ ಬೇರೆ ಬಣ್ಣದ ಬದಲಿ ಡಬ್ಬಿಗಳ ಒಂದು ಸೆಟ್ ಮಾಡಿಟ್ಟಿದ್ದೇನೆ.

ಒಂದು ಮಾತು ಇಲ್ಲೇ ಹೇಳಬೇಕು. ಹಳೆಯದಾಗಿ ಸವೆದ ಪ್ರೋಟೀನುಗಳಿಂದ ಮಾತ್ರ ತುಣುಕು ಬರುವುದಾದರೆ ವೈರಸ್ ಪತ್ತೆಗೆ ದಿನಗಟ್ಟಲೆ ಬೇಕಾಗುತ್ತಿತ್ತು. ವೈರಸ್ಸಿನ ಅನೇಕ ಪ್ರೋಟೀನುಗಳು ಗಟ್ಟಿಮುಟ್ಟು, ಬೇಗ ಸವೆಯುವುದಿಲ್ಲ. ಆದರೂ ಸೋಂಕಾಗಿ ಸ್ವಲ್ಪ ಹೊತ್ತಿನಲ್ಲೇ ತುಣುಕು ಹೊರಮೈಗೆ ಬರುತ್ತದೆ. ಆಗತಾನೆ ತಯಾರಾಗಿ, ಸರಿಯಾಗಿ ಮಡಿಚಿಕೊಳ್ಳದೆ ಕೆಟ್ಟುಹೋದ ಪ್ರೋಟೀನುಗಳೇ ಇದಕ್ಕೆ ದೊಡ್ಡ ಮೂಲ ಅಂತ ಜೊನಾಥನ್ ಯುಡೆಲ್ 1996ರಲ್ಲಿ ಸಹೋದ್ಯೋಗಿಗಳ ಜೊತೆ ಸೂಚಿಸಿದರು. ನನಗೆ ಇದು ಬಹಳ ಇಷ್ಟವಾದ ವಿಚಾರ. ಕೋಶ ಈ ಹೊತ್ತಿನಲ್ಲಿ ಏನು ತಯಾರಿಸುತ್ತಿದೆ ಅನ್ನುವುದೇ ಹೊರಗೆ ಕಾಣುತ್ತದೆ.

ಪೊರೆ ದಾಟಿಸುವುದು

ಕತ್ತರಿಸುವುದು ಸೈಟೋಸಾಲಿನಲ್ಲಿ, ಅಂದರೆ ಕೋಶದೊಳಗಿನ ದ್ರವದಲ್ಲಿ. ಎಂಎಚ್‌ಸಿ ತಯಾರಾಗುವುದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಯ ಚೀಲದ ಒಳಗೆ, ಚಿಕ್ಕದಾಗಿ ಇಆರ್. ನಡುವೆ ಪೊರೆ. ಇದಕ್ಕೆ 12 ಸೆಂಟಿಮೀಟರ್ ದಪ್ಪದ ಥರ್ಮಾಕೋಲ್ ನಿಲ್ಲಿಸಿ, ಅದರಲ್ಲಿ ಕಂಡಿ ಕೊರೆದು ಎರಡು ಮರದ ಪಟ್ಟಿ ಕೂರಿಸಿದೆ. ಇವು ಟ್ಯಾಪ್ ಎಂಬ ಸಾಗಣೆ ಪ್ರೋಟೀನಿನ ಎರಡು ಅರ್ಧಗಳು, ಟ್ಯಾಪ್1 ಮತ್ತು ಟ್ಯಾಪ್2. ಸೈಟೋಸಾಲ್ ಕಡೆ ಬಾಯಿ ತೆರೆದಾಗ ಇಆರ್ ಕಡೆ ಮುಚ್ಚಿರಬೇಕು, ಇಆರ್ ಕಡೆ ತೆರೆದಾಗ ಈ ಕಡೆ ಮುಚ್ಚಿರಬೇಕು. ಪಟ್ಟಿಗಳ ನಡುವೆ ಒಂದು ಅಚ್ಚು ಹಾಕಿ ತಕ್ಕಡಿಯ ಹಾಗೆ ಅಲುಗುವಂತೆ ಮಾಡಿದರೆ ಅಷ್ಟೇ, ಕೆಲಸ ಮುಗಿಯಿತು. ಟ್ಯಾಪ್‌ಗೆ 8ರಿಂದ 16 ಅಮೈನೋ ಆಮ್ಲ ಉದ್ದದ ತುಣುಕು ಇಷ್ಟ.

ನಮ್ಮ ಸರದಲ್ಲಿ ದಾಳ 55ನೇ ಮಣಿಯ ನಂತರ ಒಮ್ಮೆ, 66ನೇ ಮಣಿಯ ನಂತರ ಒಮ್ಮೆ ಬಿತ್ತು ಅನ್ನಿ. ಆಗ 11 ಮಣಿಗಳ ತುಣುಕು ಸಿಗುತ್ತದೆ. ಗುಬುಟಿನ ತುದಿ ಸರಿಯಾಗಿದೆ, ತೂತಿನ ಕಡೆ ಎರಡು ಮಣಿ ಜಾಸ್ತಿ. ಇಆರ್ ಒಳಗೆ ಇಆರ್‌ಎಪಿ1 ಎಂಬ ಕಿಣ್ವ ಎನ್ ತುದಿಯಿಂದ ಮಾತ್ರ ಒಂದೊಂದೇ ಅಮೈನೋ ಆಮ್ಲ ಕತ್ತರಿಸುತ್ತದೆ. ಉದ್ದ ಎಂಟೊಂಬತ್ತಕ್ಕೆ ಇಳಿದಾಗ ಅದರ ಉತ್ಸಾಹ ಕಡಿಮೆಯಾಗುತ್ತದೆ. ಇದಕ್ಕೆ ನಾನು ಮಾಡಿದ್ದು ಒಂದು ಉದ್ದನೆಯ ಮರದ ತೊಟ್ಟಿ. ಗುಬುಟಿನ ತುದಿಯನ್ನು ಒಂದು ಕೊನೆಗೆ ತಾಗಿಸಿಡಿ. ಒಂಬತ್ತನೇ ಮಣಿಯಿಂದಾಚೆ ಹೊರಗೆ ಚಾಚಿದ್ದನ್ನು ಮುರಿಯಿರಿ. ಸಿ ತುದಿಯನ್ನು ಪ್ರೋಟಿಯಸೋಮೇ ಸರಿಯಾಗಿ ಕತ್ತರಿಸಿ ಕೊಡಬೇಕು, ಅದನ್ನು ಇಲ್ಲಿ ತಿದ್ದಲು ಆಗುವುದಿಲ್ಲ. ಮಣಿಗೆ ತಲೆ ಬಾಲ ಇರುವುದರಿಂದ ಮಕ್ಕಳಿಗೆ ಇದು ಮಾತಿಲ್ಲದೆ ತಿಳಿಯುತ್ತದೆ.

ತೋಡು

ಈಗ ಮುಖ್ಯ ಭಾಗ. ಜಾಸ್ತಿ ಹೊತ್ತು ಹಿಡಿದದ್ದೂ ಇದೇ, ಕಟ್ಟುವಾಗ ಮನಸ್ಸು ಪೂರ್ತಿ ಇದ್ದದ್ದೂ ಇಲ್ಲೇ.

ಎಂಎಚ್‌ಸಿ ಗಳಲ್ಲಿ ಎರಡು ವರ್ಗ, ಇಲ್ಲಿಯವರೆಗೆ ಹೇಳಿದ್ದು ಒಂದನೇ ವರ್ಗದ್ದು. ಅದರ ಅಣುವಿನ ಎತ್ತರ ಸುಮಾರು 7 ನ್ಯಾನೋಮೀಟರ್. ಮಾದರಿಯಲ್ಲಿ 21 ಸೆಂಟಿಮೀಟರ್. ಮೇಲ್ಭಾಗದಲ್ಲಿ ಒಂದು ತೋಡು. ನೆಲಕ್ಕೆ ಎಂಟು ಪಟ್ಟಿಗಳ ಹಾಸು, ಎರಡು ಬದಿಗೆ ಎರಡು ಸುರುಳಿಗಳ ಗೋಡೆ. ಕೆಳಗೆ ಆಸರೆಯಾಗಿ ಬೀಟಾ-2 ಮೈಕ್ರೋಗ್ಲಾಬ್ಯುಲಿನ್ ಎಂಬ 99 ಅಮೈನೋ ಆಮ್ಲಗಳ ಬೇರೆಯೇ ಪ್ರೋಟೀನ್. ಈ ರಚನೆಯನ್ನು 1987ರಲ್ಲಿ ಮೊದಲು ತೋರಿಸಿದ್ದು ಪಮೇಲಾ ಬ್ಯೋರ್ಕ್‌ಮನ್, ಡಾನ್ ವೈಲಿ, ಜ್ಯಾಕ್ ಸ್ಟ್ರೋಮಿಂಜರ್ ಮತ್ತು ಅವರ ತಂಡ. ಎಚ್‌ಎಲ್‌ಎ-ಎ2ವಿನ ಹರಳು ಮಾಡಿ ಎಕ್ಸ್-ಕಿರಣ ಹಾಯಿಸಿದಾಗ ತೋಡಿನೊಳಗೆ ಏನೋ ತುಂಬಿಕೊಂಡಿರುವುದು ಕಂಡಿತು. ಅವರು ಬೇಕೆಂದು ಹಾಕಿದ್ದಲ್ಲ. ಕೋಶದಿಂದ ತೆಗೆಯುವಾಗಲೇ ಎಂಎಚ್‌ಸಿಗಳ ಜೊತೆ ಬಂದ ಬೇರೆ ಬೇರೆ ಪೆಪ್ಟೈಡ್‌ಗಳ ಕಲಬೆರಕೆ ಅದು. ಖಾಲಿ ತೋಡು ಅನ್ನುವುದೇ ಅಲ್ಲಿ ಇರಲಿಲ್ಲ. ಆ ಚಿತ್ರ ನೋಡಿದ ಮೇಲೆ ನನಗೆ ತಟ್ಟೆಯ ಚಿತ್ರ ಸರಿಯಾಗಿ ಕಾಣಲೇ ಇಲ್ಲ.

ನೆಲಕ್ಕೆ 12 ಮಿಲಿಮೀಟರ್ ಪ್ಲೈವುಡ್, ಅದರ ಮೇಲೆ ಎಂಟು ಐಸ್‌ಕ್ರೀಮ್ ಕಡ್ಡಿ. ಗೋಡೆಗಳಿಗೆ ದುಂಡನೆಯ ಮರದ ಕೋಲನ್ನು ಉದ್ದಕ್ಕೆ ಸೀಳಿದ ಎರಡು ಅರ್ಧ, ಅವುಗಳಿಗೆ ಸುರುಳಿ ಕಾಣಲು ದಪ್ಪ ಹಗ್ಗ ಸುತ್ತಿ ಅಂಟಿಸಿದೆ. ತೋಡಿನ ಉದ್ದ 9 ಸೆಂಟಿಮೀಟರ್ ಚಿಲ್ಲರೆ. ಎರಡೂ ತುದಿಗಳಲ್ಲಿ ಚಿಕ್ಕ ಮರದ ತಡೆ. ಒಂದನೇ ವರ್ಗದ ತೋಡು ತುದಿಗಳಲ್ಲಿ ಮುಚ್ಚಿದೆ, ಅದಕ್ಕೇ ಎಂಟರಿಂದ ಹತ್ತು ಅಮೈನೋ ಆಮ್ಲಗಳ ತುಣುಕೇ ಅದಕ್ಕೆ ಹಿತ. ಸ್ವಲ್ಪ ಉದ್ದ ಇದ್ದರೆ ಎರಡೂ ತುದಿ ಸಿಕ್ಕಿಕೊಂಡು ನಡುಭಾಗ ಮೇಲಕ್ಕೆ ಉಬ್ಬುತ್ತದೆ. ಮಣಿ ಸರದಲ್ಲೂ ಹತ್ತು ಮಣಿ ಹಾಕಿದರೆ ಹೀಗೇ ಉಬ್ಬುತ್ತದೆ. ಇದನ್ನು ನಾನು ಮಾಡಿದ್ದಲ್ಲ, ಅಳತೆ ಸರಿಯಾಗಿದ್ದರೆ ತಾನೇ ಆಗುತ್ತದೆ.

ತೋಡಿನ ನೆಲದಲ್ಲಿ ಎರಡು ಕುಳಿ ಕೊರೆಯಬೇಕು. ಎರಡನೇ ಮಣಿಯ ಕೆಳಗೆ ಬಿ ಕುಳಿ, ಒಂಬತ್ತನೇ ಮಣಿಯ ಕೆಳಗೆ ಎಫ್ ಕುಳಿ. ಪ್ರತಿ ಮಣಿಯ ಹೊಟ್ಟೆಯಲ್ಲಿ ಒಂದು ಗೂಟ ಇದೆ: ಹಳದಿಗೆ ಮೋಟು ದುಂಡು ಗೂಟ, ಹಸಿರಿಗೆ ಅಗಲ ಗೂಟ, ನೀಲಿಗೆ ಉದ್ದ ಗೂಟ, ಕೆಂಪಿಗೆ ಚೌಕ ಗೂಟ. ಬಿಳಿಯವಕ್ಕೆ ಏನೂ ಇಲ್ಲ. ಎಚ್‌ಎಲ್‌ಎ-ಎ2ವಿನ ಎರಡೂ ಕುಳಿಗಳಿಗೆ ಮೋಟು ದುಂಡು ಗೂಟವೇ ಸರಿ. ನಿಜದಲ್ಲಿ ಈ ಅಣುವಿಗೆ ಎರಡನೇ ಜಾಗದಲ್ಲಿ ಲ್ಯೂಸಿನ್ ಅಥವಾ ಮೆಥಿಯೋನಿನ್, ಒಂಬತ್ತನೆಯದರಲ್ಲಿ ವ್ಯಾಲಿನ್ ಅಥವಾ ಲ್ಯೂಸಿನ್ ಹೆಚ್ಚು ಇಷ್ಟ. ಐಸೊಲ್ಯೂಸಿನ್ ಕೂಡ ನಡೆಯುತ್ತದೆ, ನಮ್ಮ ಫ್ಲೂ ತುಣುಕಿನ ಎರಡನೇ ಜಾಗದಲ್ಲಿ ಇರುವುದು ಅದೇ. ಪ್ರತಿ ಎಂಎಚ್‌ಸಿಗೂ ಇಂಥದ್ದೊಂದು ಆಯ್ಕೆಯ ನಿಯಮ ಇದೆ ಅನ್ನುವುದನ್ನು ಹಾನ್ಸ್-ಗೇಯೋರ್ಗ್ ರಾಮೆನ್ಸೀ ಅವರ ತಂಡ 1991ರಲ್ಲಿ, ತೋಡಿನೊಳಗಿನ ತುಣುಕುಗಳನ್ನೇ ಬಿಡಿಸಿ ಓದಿ ತೋರಿಸಿತು.

ಗಮನಿಸಿ, ಬಲವಾಗಿ ಹಿಡಿದುಕೊಳ್ಳುವುದು ಮುಖ್ಯವಾಗಿ ಎರಡೇ ಮಣಿ ಮತ್ತು ಸರದ ಎರಡು ತುದಿ. ಉಳಿದ ಮಣಿಗಳು ಹೇಗಿದ್ದರೂ ತೋಡಿಗೆ ಬಹುಮಟ್ಟಿಗೆ ಅಡ್ಡಿಯಿಲ್ಲ. ಹಾಗಾಗಿಯೇ ಒಂದೇ ಎಂಎಚ್‌ಸಿ ಸಾವಿರಾರು ಬಗೆಯ ತುಣುಕುಗಳನ್ನು ಹಿಡಿಯಬಲ್ಲದು.

ಇನ್ನು ಕುಸಿಯುವ ಗೋಡೆ. ಗೋಡೆಗಳನ್ನು ನೆಲಕ್ಕೆ ಗಟ್ಟಿಯಾಗಿ ಅಂಟಿಸಲಿಲ್ಲ. ಚಿಕ್ಕ ಹಿಂಜ್ ಹಾಕಿ, ಹೊರಗೆ ಬಾಗಿ ಬೀಳುವಷ್ಟು ಭಾರ ಕೊಟ್ಟೆ. ಪ್ರತಿ ಗೋಡೆಯ ಬುಡದಲ್ಲಿ ಒಂದು ಕಾಲು ಇದೆ. ಪ್ರತಿ ಕುಳಿಯ ತಳದಲ್ಲಿ ಚಿಕ್ಕ ಕೊಕ್ಕೆ, ಅದರ ತಲೆಗೆ ಬಟನ್ ಆಯಸ್ಕಾಂತ. ಹಳದಿ ಗೂಟದ ತುದಿಯಲ್ಲಿ ಕಬ್ಬಿಣದ ಮೊಳೆ. ಗೂಟ ಕುಳಿಯೊಳಗೆ ಪೂರ್ತಿ ಇಳಿದರೆ ಕೊಕ್ಕೆ ಮೇಲೆದ್ದು ಗೋಡೆಯ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಬಿ ಕುಳಿ ಒಂದು ಗೋಡೆಗೆ, ಎಫ್ ಕುಳಿ ಇನ್ನೊಂದು ಗೋಡೆಗೆ. ಎರಡೂ ಗೋಡೆ ನೆಟ್ಟಗಿದ್ದರೆ ಮಾತ್ರ ಕೆಳಗೆ ಬೀಟಾ-2 ಮೈಕ್ರೋಗ್ಲಾಬ್ಯುಲಿನ್ ಆಗಿ ಇಟ್ಟ ಗುಂಡು ತನ್ನ ಜಾಗದಲ್ಲಿ ನಿಲ್ಲುತ್ತದೆ. ಒಂದು ಗೂಟ ಹೊಂದದಿದ್ದರೂ ಗೋಡೆ ವಾಲುತ್ತದೆ, ಗುಂಡು ಉರುಳುತ್ತದೆ, ಇಡೀ ಅಣು ಮೇಜಿನ ಮೇಲೆ ಬಿಡಿಬಿಡಿಯಾಗುತ್ತದೆ. ಕೊಕ್ಕೆಯ ಅಂಚನ್ನು ಉಪ್ಪುಕಾಗದದಿಂದ ಚೆನ್ನಾಗಿ ಉಜ್ಜಿ, ಇಲ್ಲದಿದ್ದರೆ ಕಾಲಿಗೆ ತಡವಾಗಿ ಸಿಕ್ಕುತ್ತದೆ. ಆಯಸ್ಕಾಂತದ ಬಲ ಜಾಸ್ತಿಯಾದರೆ ತಪ್ಪು ತುಣುಕನ್ನೂ ಹಿಡಿದುಬಿಡುತ್ತದೆ. 6 ಮಿಲಿಮೀಟರ್‌ದು ಸಾಕು.

ಇಲ್ಲಿ ಇನ್ನೊಂದು ಪಿನ್ ಸೇರಿಸಿದೆ, ಅದಕ್ಕೆ 26 ಡಿಗ್ರಿ ಪಿನ್ ಅಂತ ಹೆಸರಿಟ್ಟಿದ್ದೇನೆ. ಟ್ಯಾಪ್ ಕೆಟ್ಟಿರುವ ಇಲಿ ಕೋಶಗಳಿವೆ. ಅವುಗಳಲ್ಲಿ ತುಣುಕು ಇಆರ್‌ಗೆ ಸರಿಯಾಗಿ ಬರುವುದಿಲ್ಲ. ಮೈಯ ಬಿಸಿಯಾದ 37 ಡಿಗ್ರಿಯಲ್ಲಿ ಬೆಳೆಸಿದರೆ ಹೊರಮೈಯಲ್ಲಿ ಎಂಎಚ್‌ಸಿ ಅಪರೂಪ. ಅದೇ ಕೋಶಗಳನ್ನು 26 ಡಿಗ್ರಿಯಲ್ಲಿ ಇಟ್ಟರೆ ಖಾಲಿ ಎಂಎಚ್‌ಸಿಗಳು ಹೊರಮೈಗೆ ಬಂದು ನಿಲ್ಲುತ್ತವೆ. ಮತ್ತೆ 37ಕ್ಕೆ ಏರಿಸಿದರೆ ಕುಸಿಯುತ್ತವೆ. ಹೊರಗಿನಿಂದ ಹೊಂದುವ ಪೆಪ್ಟೈಡ್ ಹಾಕಿದರೆ ಉಳಿಯುತ್ತವೆ. ತುಣುಕೇ ಆಧಾರ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಾ? ಪಿನ್ ಚುಚ್ಚಿದರೆ ಗೋಡೆಗಳು ಸುಮ್ಮನೆ ನಿಲ್ಲುತ್ತವೆ. ಪಿನ್ ಎಳೆದರೆ ಬೀಳುತ್ತವೆ. ಪಿನ್ ಎಳೆಯುವ ಮುಂಚೆ ಸರ ಇಟ್ಟರೆ ನಿಲ್ಲುತ್ತವೆ. ಮೂರು ಸಲ ಕೈಯಾರೆ ಮಾಡಿದವರು ಇದನ್ನು ಮರೆಯುವುದಿಲ್ಲ.

ಹಾಗಾದರೆ ಕೋಶದಲ್ಲಿ ತುಣುಕು ಬರುವವರೆಗೆ ಖಾಲಿ ಎಂಎಚ್‌ಸಿ ಹೇಗೆ ಉಳಿಯುತ್ತದೆ? ಅದನ್ನು ಹಿಡಿದುಕೊಳ್ಳುವ ಸಹಾಯಕರಿದ್ದಾರೆ: ಟಪಾಸಿನ್, ಕ್ಯಾಲ್‌ರೆಟಿಕ್ಯುಲಿನ್, ಇಆರ್‌ಪಿ57. ಟಪಾಸಿನ್ ಒಂದು ಕೈಯಲ್ಲಿ ಟ್ಯಾಪ್ ಹಿಡಿದು, ಇನ್ನೊಂದು ಕೈಯಲ್ಲಿ ಖಾಲಿ ಎಂಎಚ್‌ಸಿಯನ್ನು ಅದರ ಬಾಯಿಯ ಹತ್ತಿರವೇ ನಿಲ್ಲಿಸುತ್ತದೆ. ಜೊತೆಗೆ ಸಡಿಲವಾಗಿ ಕೂತ ತುಣುಕುಗಳನ್ನು ಹೊರಗೆ ತಳ್ಳಿ, ಬಿಗಿಯಾಗಿ ಕೂರುವವಕ್ಕೆ ಅವಕಾಶ ಕೊಡುತ್ತದೆ. ಮಾದರಿಯಲ್ಲಿ ಥರ್ಮಾಕೋಲಿಗೆ ತಗುಲಿಸಿದ ಒಂದು ಮರದ ಚಿಮಟ ಗೋಡೆಗಳನ್ನು ಅರೆತೆರೆದು ಹಿಡಿಯುತ್ತದೆ. ತುಣುಕು ಇಟ್ಟು ಚಿಮಟವನ್ನು ಅಲುಗಿಸಿ. ಸಡಿಲ ಇದ್ದರೆ ಮಣಿ ಜಿಗಿದು ಹೊರಬರುತ್ತದೆ. ಉಳಿದರೆ ಬಿಡಿಸಿಕೊಂಡು ಹೊರಮೈಗೆ ಒಯ್ಯಿರಿ. ನಡುವೆ ಗಾಲ್ಗಿ ಎಂಬ ಸಾಗಣೆಯ ನಿಲ್ದಾಣ ಬರುತ್ತದೆ, ಅದಕ್ಕೆ ನಾನು ಒಂದು ಟ್ರೇ ಇಟ್ಟು ಮುಗಿಸಿದೆ.

ಬದಲಿಸುವ ನೆಲ

ನೆಲದ ಹಲಗೆಯನ್ನು ತೆಗೆದು ಬೇರೆ ಹಾಕುವ ಹಾಗೆ ಮಾಡಿ. ಒಬ್ಬ ಮನುಷ್ಯನಲ್ಲಿ ಒಂದನೇ ವರ್ಗದ ಮುಖ್ಯ ಎಚ್‌ಎಲ್‌ಎಗಳು ಹೆಚ್ಚೆಂದರೆ ಆರು ಬಗೆ, ಎ, ಬಿ, ಸಿ ಜೀನುಗಳಿಂದ ಎರಡೆರಡು. ಆದರೆ ಜನರನ್ನೆಲ್ಲ ಸೇರಿಸಿದರೆ ಸಾವಿರಾರು ರೂಪಗಳಿವೆ, ವ್ಯತ್ಯಾಸ ಹೆಚ್ಚಾಗಿ ಇರುವುದು ಈ ತೋಡಿನ ಸುತ್ತಮುತ್ತಲೇ. ಎರಡನೇ ಹಲಗೆಯನ್ನು ಎಚ್‌ಎಲ್‌ಎ-ಬಿ27ಕ್ಕೆ ಮಾಡಿದೆ. ಬಿ ಕುಳಿ ಆಳ, ತಳಕ್ಕೆ ಕೆಂಪು ಬಣ್ಣ. ಅಲ್ಲಿ ಆರ್ಜಿನಿನ್‌ನ ಉದ್ದ ನೀಲಿ ಗೂಟವೇ ಬೇಕು. ನಮ್ಮ ಫ್ಲೂ ತುಣುಕು ಇದರಲ್ಲಿ ನಿಲ್ಲುವುದಿಲ್ಲ. ಒಂದೇ ವೈರಸ್, ಒಂದೇ ಪ್ರೋಟೀನ್, ಆದರೆ ಇಬ್ಬರು ಜನ ತೋರಿಸುವ ತುಣುಕು ಬೇರೆ ಬೇರೆ.

ಮೂರನೆಯದು ಬಿ*57:01. ಇದರ ಎಫ್ ಕುಳಿ ಅಗಲ, ಹಸಿರು ಗೂಟಕ್ಕೆ. ಎಚ್‌ಐವಿಗೆ ಕೊಡುವ ಅಬಕಾವಿರ್ ಎಂಬ ಔಷಧ ಇದೇ ಕುಳಿಯ ತಳದಲ್ಲಿ ಕೂರುತ್ತದೆ ಅಂತ 2012ರಲ್ಲಿ ಗೊತ್ತಾಯಿತು. ಕೂತಾಗ ಕುಳಿಯ ಆಕಾರ ಬದಲಾಗಿ, ಹಿಂದೆ ಹೊಂದದಿದ್ದ ಸ್ವಂತ ತುಣುಕುಗಳು ಹೊಂದತೊಡಗುತ್ತವೆ. ಟಿ ಕೋಶಗಳಿಗೆ ಅವು ಪರಕೀಯವಾಗಿ ಕಾಣುತ್ತವೆ, ತೀವ್ರ ಅಲರ್ಜಿಯಂಥ ಪ್ರತಿಕ್ರಿಯೆ ಬರುತ್ತದೆ. ಆದ್ದರಿಂದ ಈ ಔಷಧ ಕೊಡುವ ಮುಂಚೆ ಬಿ*57:01 ಇದೆಯೇ ಅಂತ ಪರೀಕ್ಷೆ ಮಾಡುತ್ತಾರೆ. ಮಾದರಿಯಲ್ಲಿ ಎಫ್ ಕುಳಿಗೆ ಒಂದು ರಬ್ಬರ್ ಬಿರಡೆ ಹಾಕಿದರೆ ಹಸಿರು ಗೂಟ ಇಳಿಯದು, ಹಳದಿ ಇಳಿಯುತ್ತದೆ. ಎಲ್ಲ ಭಾಗಗಳಲ್ಲಿ ನೋಡುವವರು ಬೆರಗಾಗಿ ನಿಲ್ಲುವುದು ಇಲ್ಲೇ.

ಮುಟ್ಟಿ ನೋಡುವ ಟಿ ಕೋಶ

ಟಿ ಕೋಶ ಮುಟ್ಟಿ ನೋಡುವುದು ಗ್ರಾಹಕ ಎಂಬ ಅಣುವಿನಿಂದ. ಅದಕ್ಕೆ ಜೇಡಿಮಣ್ಣು. ನೆಟ್ಟಗೆ ನಿಂತ ಎಂಎಚ್‌ಸಿಯ ಮೇಲೆ ಹಸಿ ಮಣ್ಣಿನ ಮುದ್ದೆ ಒತ್ತಿ ತೆಗೆಯಿರಿ. ಅಚ್ಚಿನಲ್ಲಿ ಎರಡು ಗೋಡೆಗಳ ಗುರುತು, ನಡುವೆ ಮಣಿಗಳ ಗುರುತು ಬಿದ್ದಿರುತ್ತದೆ. ಗ್ರಾಹಕವೂ ತುಣುಕನ್ನು ಮಾತ್ರ ಮುಟ್ಟುವುದಿಲ್ಲ, ಗೋಡೆಗಳನ್ನೂ ಒಟ್ಟಿಗೆ ಮುಟ್ಟುತ್ತದೆ. ಅದಕ್ಕೇ ಬೇರೆ ಎಂಎಚ್‌ಸಿಯಲ್ಲಿ ಕೂತ ಅದೇ ವೈರಸ್ ತುಣುಕನ್ನು ಸಾಮಾನ್ಯವಾಗಿ ಅದು ಗುರುತಿಸುವುದಿಲ್ಲ. ಈ ನಿಯಮ ಕಂಡದ್ದು ಕ್ಯಾನ್‌ಬೆರಾದಲ್ಲಿ, ರಾಲ್ಫ್ ಜಿಂಕರ್‌ನಾಗೆಲ್ ಮತ್ತು ಪೀಟರ್ ಡಾಹರ್ಟಿ ಅವರಿಗೆ. ಒಂದು ತಳಿಯ ಇಲಿಯ ಟಿ ಕೋಶಗಳು ಅದೇ ವೈರಸ್ ತಗುಲಿದ ಬೇರೆ ತಳಿಯ ಕೋಶಗಳನ್ನು ಕೊಲ್ಲಲಿಲ್ಲ. 1974ರಲ್ಲಿ ಅವರು ಇದನ್ನು ಪ್ರಕಟಿಸಿದಾಗ ತೋಡು, ತುಣುಕು ಯಾವುದೂ ಯಾರಿಗೂ ಗೊತ್ತಿರಲಿಲ್ಲ. 1996ರಲ್ಲಿ ನೊಬೆಲ್ ಬಂತು. ನಡುವೆ 1986ರಲ್ಲಿ ಅಲೈನ್ ಟೌನ್‌ಸೆಂಡ್ ಮತ್ತು ಸಹೋದ್ಯೋಗಿಗಳು, ಇಡೀ ವೈರಸ್ ಬೇಡ, ಫ್ಲೂವಿನ ಇನ್ನೊಂದು ಪ್ರೋಟೀನಿನ ಚಿಕ್ಕ ಕೃತಕ ತುಣುಕು ಹಾಕಿದರೂ ಟಿ ಕೋಶಗಳು ಆ ಕೋಶವನ್ನು ಕೊಲ್ಲುತ್ತವೆ ಅಂತ ತೋರಿಸಿದ್ದರು.

ಮಣ್ಣಿನ ಅಚ್ಚುಗಳನ್ನು ಒಣಗಿಸಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಸ್ವಂತ ತುಣುಕಿಗೆ ಬಿಗಿಯಾಗಿ ಹೊಂದುವ ಅಚ್ಚುಗಳನ್ನು ಮೊದಲೇ ಒಡೆದುಹಾಕಬೇಕು. ಟಿ ಕೋಶಗಳು ಬಲಿಯುವ ಥೈಮಸ್ ಗ್ರಂಥಿಯಲ್ಲಿ ಆಗುವುದು ಅದೇ.

ವೈರಸ್ಸಿನ ಪೆಟ್ಟಿಗೆ

ಯಂತ್ರ ನಡೆಯತೊಡಗಿದ ಮೇಲೆ ಅದನ್ನು ಕೆಡಿಸುವ ಸಾಮಾನುಗಳ ಒಂದು ಪುಟ್ಟ ಪೆಟ್ಟಿಗೆ ಮಾಡಿದೆ. ಒಂದು ಮರದ ಬಿರಡೆ, ಇದು ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸಿನ ಐಸಿಪಿ47. ಟ್ಯಾಪ್‌ನ ಬಾಯಿಯಲ್ಲಿ ಸೈಟೋಸಾಲ್ ಕಡೆಯಿಂದ ಸಿಕ್ಕಿಸಿದರೆ ತುಣುಕು ಒಳಗೆ ಹೋಗದು. ಸೈಟೋಮೆಗಲೋವೈರಸ್ಸಿನ ಯುಎಸ್6 ಇಆರ್ ಕಡೆಯಿಂದ ಅದೇ ಟ್ಯಾಪನ್ನು ನಿಲ್ಲಿಸುತ್ತದೆ. ಅದರದೇ ಯುಎಸ್2 ಮತ್ತು ಯುಎಸ್11 ಇನ್ನೂ ಒರಟು, ಹೊಸ ಎಂಎಚ್‌ಸಿಯನ್ನು ಇಆರ್‌ನಿಂದ ಹೊರಗೆಳೆದು ಪ್ರೋಟಿಯಸೋಮಿಗೇ ಹಾಕಿಸುತ್ತವೆ. ಇದಕ್ಕೆ ಒಂದು ಕೊಕ್ಕೆಯ ಕಡ್ಡಿ ಸಾಕು. ಅಡೆನೋವೈರಸ್ ತನ್ನ ಒಂದು ಪ್ರೋಟೀನಿನಿಂದ ಎಂಎಚ್‌ಸಿಯನ್ನು ಇಆರ್‌ನಲ್ಲೇ ಕಟ್ಟಿಹಾಕುತ್ತದೆ, ಎಚ್‌ಐವಿಯ ನೆಫ್ ಹೊರಮೈಗೆ ಬಂದವನ್ನು ಒಳಗೆ ಎಳೆಯುತ್ತದೆ. ಇಷ್ಟು ವೈರಸ್ಸುಗಳು ಇಷ್ಟು ಬೇರೆ ಬೇರೆ ಹೆಜ್ಜೆಗಳಲ್ಲಿ ಕೈ ಹಾಕಿವೆ ಅಂದರೆ, ಪ್ರತಿ ಹೆಜ್ಜೆಯೂ ಅವಕ್ಕೆ ಎಷ್ಟು ಅಪಾಯ ಅಂತ ತಿಳಿಯುತ್ತದೆ.

ಇವುಗಳಲ್ಲಿ ಯಾವುದನ್ನು ಹಾಕಿದರೂ ಹೊರಮೈ ಎಂಎಚ್‌ಸಿ ಇಲ್ಲದೆ ಖಾಲಿಯಾಗುತ್ತದೆ. ಆಗ ಸಹಜ ಕೊಲೆಗಾರ ಕೋಶ, ಎನ್‌ಕೆ ಕೋಶ, ಬರುತ್ತದೆ. ಎಂಎಚ್‌ಸಿ ಇರಬೇಕಾದಷ್ಟು ಇಲ್ಲದಿರುವುದೇ ಅದಕ್ಕೆ ದೂರು. ಮೇಜಿನ ಅಂಚಿನಲ್ಲಿ ಒಂದು ಚಿಕ್ಕ ಸ್ವಿಚ್ ಇಟ್ಟಿದ್ದೇನೆ. ಎಂಎಚ್‌ಸಿಯ ಭಾರ ಅದರ ಮೇಲೆ ಇರುವವರೆಗೆ ಕೆಂಪು ದೀಪ ಹತ್ತುವುದಿಲ್ಲ.

ಎರಡನೇ ವರ್ಗ

ಇದಕ್ಕೆ ಬೇರೆ ಹಲಗೆ ಬೇಕು, ಕೆಲಸ ಶುರುವಾಗಿದೆ. ಡೆಂಡ್ರಿಟಿಕ್ ಕೋಶ, ಮ್ಯಾಕ್ರೋಫೇಜ್, ಬಿ ಕೋಶಗಳಲ್ಲಿ ಇರುವ ಎರಡನೇ ವರ್ಗದ ಎಂಎಚ್‌ಸಿ ಮುಖ್ಯವಾಗಿ ಹೊರಗಿನಿಂದ ನುಂಗಿದ ಪ್ರೋಟೀನಿನ ತುಣುಕು ತೋರಿಸುತ್ತದೆ. ಕತ್ತರಿಸುವುದು ಪ್ರೋಟಿಯಸೋಮ್ ಅಲ್ಲ, ಆಮ್ಲೀಯ ಚೀಲಗಳೊಳಗಿನ ಕಿಣ್ವಗಳು. ತೋಡಿನ ತುದಿಗಳು ತೆರೆದಿವೆ, ಆದ್ದರಿಂದ 13ರಿಂದ 25 ಮಣಿಗಳ ಸರವೂ ಎರಡೂ ಕಡೆ ನೇತಾಡುತ್ತಾ ಕೂರುತ್ತದೆ. ಅಂದರೆ ತುದಿಯ ತಡೆಗಳನ್ನು ಬಿಚ್ಚಿ, ಕುಳಿಗಳನ್ನು ಎರಡರ ಬದಲು ನಾಲ್ಕು ಮಾಡಬೇಕು.

ಇಲ್ಲೂ ತೋಡನ್ನು ಖಾಲಿ ಬಿಡುವಂತಿಲ್ಲ. ಇನ್‌ವೇರಿಯಂಟ್ ಚೈನ್ ಎಂಬ ಪ್ರೋಟೀನಿನ ಒಂದು ಭಾಗ ಮೊದಲೇ ಅದರೊಳಗೆ ಕೂತು ಕಾವಲು ಕಾಯುತ್ತದೆ. ಚೀಲದೊಳಗೆ ಆ ಪ್ರೋಟೀನ್ ಸವೆದು ಕ್ಲಿಪ್ ಎಂಬ ಚೂರು ಮಾತ್ರ ಉಳಿಯುತ್ತದೆ. ಎಚ್‌ಎಲ್‌ಎ-ಡಿಎಂ ಎಂಬ ಸಹಾಯಕ ಪ್ರೋಟೀನ್ ಅದನ್ನು ಕಿತ್ತು ಬೇರೆ ತುಣುಕಿಗೆ ದಾರಿ ಬಿಡುತ್ತದೆ. ಕಾವಲಿನ ಚೂರಿಗೆ ಬೂದು ಬಣ್ಣದ ಮಣಿ ತಂದಿಟ್ಟಿದ್ದೇನೆ. ಡಿಎಂಗೆ ಟಪಾಸಿನ್‌ನ ಅದೇ ಚಿಮಟವನ್ನು ಸ್ವಲ್ಪ ಅಗಲ ಮಾಡಿ ಬಳಸುವ ಯೋಚನೆ. ನಾಲ್ಕು ಕುಳಿಗೆ ನಾಲ್ಕು ಕೊಕ್ಕೆ ಹಾಕಿದರೆ ಗೋಡೆ ಎಳೆಯುವ ಬಲ ಹೆಚ್ಚಾಗುತ್ತದೆ. ಹಾಗಾಗಿ ಇದಕ್ಕೆ 6 ಮಿಲಿಮೀಟರ್‌ಗಿಂತ ಚಿಕ್ಕ ಆಯಸ್ಕಾಂತ ಹುಡುಕಬೇಕು. ಆಯಸ್ಕಾಂತ ಎಷ್ಟೇ ಚಿಕ್ಕದಾದರೂ ಅದರ ಮೇಲೆ ಎಪಾಕ್ಸಿ ಹಚ್ಚಿ ಪೂರ್ತಿ ಮುಚ್ಚಿ. ಕಳಚಿ ಬಿದ್ದದ್ದನ್ನು ಪುಟ್ಟ ಮಕ್ಕಳು ನುಂಗಿದರೆ ಕರುಳಿಗೆ ಅಪಾಯ.